ನಮ್ ಸೌಮ್ಯಂದು

ವೇದಿಕೆಯ ಪರದೆಯ ಸಂದಿನಿಂದ ಇಣುಕಿದ ಸೌಮ್ಯಳಿಗೆ ಮೊದಲು ಕಂಡದ್ದು ರೇಷ್ಮೆ ಸೀರೆಗಳು. ಬನಶಂಕರಿಯ ಆ ಕಲ್ಯಾಣ ಮಂಟಪದಲ್ಲಿ, ನೆಲಕ್ಕೆ ಹಾಸಿದ್ದ ನೀಲಿ ಮ್ಯಾಟ್‌ಗಳ ಸುತ್ತ ಇಟ್ಟಿದ್ದ ಕುರ್ಚಿಗಳೆಲ್ಲ ತುಂಬಿ, ಬಾಗಿಲ ಹತ್ತಿರ ಇನ್ನೂ ಜನ ನಿಂತಿದ್ದರು. ಹೆಂಗಸರು ತಲೆ ತುಂಬ ಕನಕಾಂಬರ ಮುಡಿದಿದ್ದರು. ಗಂಡಸರು ಇಸ್ತ್ರಿಯ ಗೆರೆ ಅಳಿಸದ ಬಿಳಿ ಅಂಗಿಗಳಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಸೌಮ್ಯಳಿಗೆ ಕಣ್ಣು ತುಂಬಿ ಬಂತು. ಇಷ್ಟು ಜನ ಬರುತ್ತಾರೆಂದು ನಿನ್ನೆ ಯಾರಾದರೂ ಹೇಳಿದ್ದರೆ ಅವಳು ಜಗಳಕ್ಕೇ ಹೋಗುತ್ತಿದ್ದಳು.

ವೇದಿಕೆಯ ಮೇಲೆ, ಮದುವೆಗಳಲ್ಲಿ ಗಂಡು ಹೆಣ್ಣನ್ನು ಕೂರಿಸುವ ಜಾಗದಲ್ಲಿ, ಸ್ಪರ್ಧೆಗೆ ಬಂದ ತಂಡಗಳ ಹುಡುಗಿಯರು ಕೈಕಾಲು ಚಾಚಿ ಮೈ ಸಡಿಲ ಮಾಡಿಕೊಳ್ಳುತ್ತಿದ್ದರು. ಅವರನ್ನು ದಾಟಿಕೊಂಡು ಮೌನೇಶ ಬಂದ. ರಾಜ್ಯದ ಚಿಯರ್‌ಲೀಡಿಂಗ್ ಸಂಘದ ಕಾರ್ಯದರ್ಶಿ, ರಾಯಚೂರಿನ ಕಡೆಯವನು. ನಗುವುದು ಅವನಿಗೆ ಅಷ್ಟಾಗಿ ಒಗ್ಗಿದ ಕೆಲಸವಲ್ಲ. ಇವತ್ತು ನಗುತ್ತಿದ್ದ.

"ಮಂದಿ ಭಾಳ ಬಂದಾರ್ರಿ ಮೇಡಂ. ಲೈವ್‌ನ್ಯಾಗ ಒಂದ್ ಖಾಲಿ ಕುರ್ಚಿನೂ ಕಾಣವಲ್ದು. ಹೆಂಗ ಕರಸಿದ್ರಿ?"

"ಅಮ್ಮ ಮನೆಮನೆಗೆ ಹೋಗಿ ಕರೆದ್ರು ಸಾರ್."

"ಹಂಗಾರ ಅವರನ್ನ ಸಂಘಕ್ಕ ಸೇರಿಸ್ಕೊಳ್ಳೂಣು ತಗೋರಿ," ಎಂದು ಮೌನೇಶ ಕ್ಯಾಮೆರಾದವನ ಕಡೆ ಹೋದ.

ಇದೇ ಮೌನೇಶ ತಿಂಗಳ ಹಿಂದೆ ಫೋನಿನಲ್ಲಿ ಬೇರೆ ದನಿಯಲ್ಲಿ ಮಾತಾಡಿದ್ದ. ಕಾಲೇಜು ತಂಡಗಳಿಗಾದರೆ ಅವರವರ ಕಾಲೇಜಿನ ಹುಡುಗರು ಬಂದು ಕೂಗುತ್ತಾರೆ. ಯಾವ ಶಾಲೆ ಕಾಲೇಜಿಗೂ ಸೇರದೆ ತಾವೇ ಕಟ್ಟಿಕೊಂಡ ತಂಡಗಳಿಗೆ 'ಆಲ್ ಸ್ಟಾರ್' ಎಂಬ ಹೆಸರೇನೋ ದೊಡ್ಡದು, ನೋಡುವವರು ಮಾತ್ರ ಅಪ್ಪ ಅಮ್ಮ. ಅವರೂ ತಮ್ಮ ಮಗಳ ಸರದಿ ಮುಗಿದ ಕೂಡಲೇ ಬ್ಯಾಗು ಹುಡುಕುತ್ತಾರೆ. ಹೆಸರಿಗೆ ಚಿಯರ್ ಮಾಡುವವರು, ಅವರಿಗೆ ಚಿಯರ್ ಮಾಡಲು ಒಂದು ನರಪಿಳ್ಳೆ ಇಲ್ಲ. ಈ ವರ್ಷ ಸ್ಪರ್ಧೆ ನಡೆದ ಎರಡು ಊರುಗಳಲ್ಲಿ ಹಾಗೇ ಆಯಿತು. ಬೆಂಗಳೂರಿನಲ್ಲೂ ಹಾಗೇ ಆದರೆ ಆಲ್ ಸ್ಟಾರ್ ವಿಭಾಗವನ್ನೇ ಕೈಬಿಟ್ಟು, ಮುಂದಿನ ವರ್ಷದಿಂದ ಬರೀ ಕಾಲೇಜು ಸ್ಪರ್ಧೆ ನಡೆಸುವುದೆಂದು ಸಂಘ ತೀರ್ಮಾನಿಸಿತ್ತು. "ಮಂದಿ ಬರಬೇಕ್ರಿ ಮೇಡಂ, ಮಂದಿ," ಎಂದಿದ್ದ ಮೌನೇಶ.

ಹಾಗೇನಾದರೂ ಆದರೆ ಸೌಮ್ಯ ಕಲಿಸುವ ಹುಡುಗಿಯರಿಗೆ ಆಡುವುದಕ್ಕೆ ಅಂಗಳವೇ ಇಲ್ಲ. ಪುಟ್ಟೇನಹಳ್ಳಿಯಲ್ಲಿ ಅವಳ ಅಪ್ಪ ತಿಮ್ಮರಾಯಪ್ಪನದು ಶಾಮಿಯಾನದ ಅಂಗಡಿ. ಅದರ ಗೋಡೌನಿನಲ್ಲಿ ಅರ್ಧ ಜಾಗಕ್ಕೆ ಅಡುಗೆಯ ಹಂಡೆ, ಕೊಳಗ, ಕುರ್ಚಿ, ಇನ್ನರ್ಧ ಜಾಗಕ್ಕೆ ಸೌಮ್ಯಳ ಮ್ಯಾಟು. ದಿನಾ ಸಂಜೆ ಅಲ್ಲಿ ಹುಡುಗಿಯರು ಒಬ್ಬರ ಅಂಗೈ ಮೇಲೆ ಒಬ್ಬರು ನಿಲ್ಲುತ್ತಿದ್ದರು, ಹಾರುತ್ತಿದ್ದರು, ಬಿದ್ದವರನ್ನು ಹಿಡಿಯುತ್ತಿದ್ದರು. ಎಲ್ಲೂ ಆಡಲಾಗದ ಆಟವನ್ನು ಎಷ್ಟು ದಿನ ಕಲಿಸುವುದು? ಒಬ್ಬೊಬ್ಬರಾಗಿ ಟ್ಯೂಷನ್ನಿಗೆ ಸೇರಿಕೊಂಡು ಬಿಡುತ್ತಾರೆ.

ಇನ್‌ಸ್ಟಾಗ್ರಾಮಿನಲ್ಲಿ ಸ್ಪರ್ಧೆಯ ವಿಷಯ ಹಾಕಿದಳು. ಕೆಂಪು ಹೃದಯಗಳು ಬಂದವು, ಬರುತ್ತೇವೆಂದು ಯಾರೂ ಹೇಳಲಿಲ್ಲ. ಅಪಾರ್ಟ್‌ಮೆಂಟಿನ ಗೇಟುಗಳಲ್ಲಿ ಅಂಟಿಸಿದ ಪೋಸ್ಟರುಗಳನ್ನು ಸೆಕ್ಯುರಿಟಿಯವರು ಅವಳ ಕಣ್ಣೆದುರೇ ಕಿತ್ತರು. ಕೊನೆಗೆ ಅಮ್ಮನ ಮುಂದೆ ಕೂತು ಅಳುವುದೊಂದು ಬಾಕಿ. ನಾರಾಯಣಮ್ಮ ಅಷ್ಟೂ ಕೇಳಿಸಿಕೊಂಡು, "ಅದರಲ್ಲಿ ಹಾಕಿದ್ರೆ ಯಾರೆ ಬತ್ತಾರೆ? ಮನೆಗೆ ಹೋಗಿ ಕುಂಕುಮ ಇಟ್ಟು ಕರೀಬೇಕು," ಎಂದಳು. ಮಾರನೆಯ ದಿನವೇ ಕುಂಕುಮದ ಬಟ್ಟಲು ಹಿಡಿದು ಹೊರಟಳು.

ಅದರ ಫಲವೇ ಈ ತುಂಬಿದ ಮಂಟಪ. ಸೌಮ್ಯ ಇನ್ನೊಮ್ಮೆ ಇಣುಕಿದಳು. ಆಗ ಮನಸ್ಸಿಗೆ ಏನೋ ಚುಚ್ಚಿತು. ಬರುವುದೇನೋ ಸರಿ, ಒಂದು ಆಟ ನೋಡಲು ಯಾರಾದರೂ ರೇಷ್ಮೆ ಸೀರೆ ಉಟ್ಟು, ಡಾಬು ಹಾಕಿಕೊಂಡು ಬರುತ್ತಾರೆಯೇ?

ಉತ್ತರ ವೇದಿಕೆಯ ಮೆಟ್ಟಿಲು ಹತ್ತಿಕೊಂಡು ತಾನಾಗಿಯೇ ಬಂತು. ತಿಮ್ಮರಾಯಪ್ಪನ ಅಕ್ಕ ಅಣ್ಣಮ್ಮ, ಮಂಡಿಯ ಮೇಲೆ ಕೈಯೂರಿ ಒಂದೊಂದೇ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ನಿಂತಳು. ಪದ್ಮನಾಭನಗರಕ್ಕೆ ಮದುವೆಯಾಗಿ ಹೋಗಿ ಮೊಮ್ಮಕ್ಕಳಾದರೂ ತವರಿನ ಯಾವ ಕಾರ್ಯವನ್ನೂ ಅವಳು ತಪ್ಪಿಸಿದವಳಲ್ಲ. ಸೌಮ್ಯಳನ್ನು ಮೇಲಿಂದ ಕೆಳಗೆ ನೋಡಿದಳು.

"ಇದೇನೆ, ಇನ್ನೂ ಈ ಪ್ಯಾಂಟಲ್ಲೇ ಇದೀಯ? ಸೀರೆ ಉಡೋದು ಯಾವಾಗ? ಹುಡುಗನ ಕಡೇರು ಬಂದ್ರಾ?"

"ಯಾವ ಹುಡುಗ ಅತ್ತೆ?"

"ಆಯ್ತು ಬಿಡು, ಹೆಸರು ಹೇಳ್ಬೇಡ," ಎಂದು ಅಣ್ಣಮ್ಮ ಅವಳ ಗಲ್ಲ ಹಿಂಡಿದಳು. "ಇಷ್ಟು ವರ್ಷಕ್ಕಾದ್ರೂ ಒಪ್ಕಂಡ್ಯಲ್ಲ, ಅಷ್ಟು ಸಾಕು ನಂಗೆ."

ಸೌಮ್ಯ ಅಲ್ಲಿಂದ ಹೇಗೆ ಕೆಳಗಿಳಿದಳೋ, ಅಮ್ಮ ಎಲ್ಲಿದ್ದಾಳೆಂದು ಹೇಗೆ ಹುಡುಕಿದಳೋ ಅವಳಿಗೇ ಗೊತ್ತಾಗಲಿಲ್ಲ. ನಾರಾಯಣಮ್ಮ ಮಂಟಪದ ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುತ್ತಿದ್ದಳು. ಅವಳ ಪಕ್ಕದಲ್ಲೇ ಸ್ಪರ್ಧೆಯ ಬ್ಯಾನರ್ ಇತ್ತು. ಈಗ ನಿಶ್ಚಿತಾರ್ಥಗಳಿಗೂ ಇಂಗ್ಲಿಷಿನಲ್ಲೇ ಬ್ಯಾನರ್ ಹಾಕಿಸುವುದರಿಂದ ಅದನ್ನು ಯಾರೂ ಓದುವ ಗೋಜಿಗೆ ಹೋಗಿರಲಿಲ್ಲ. ನೀಲಿ ಮ್ಯಾಟು ಕಂಡವರು ಡ್ಯಾನ್ಸ್ ಇರಬೇಕೆಂದುಕೊಂಡು ಕೂತಿದ್ದರು. ಈಗಿನ ಕಾಲದವರು ಏನೇನೋ ಮಾಡಿಸುತ್ತಾರೆ.

ಸೌಮ್ಯ ಅಮ್ಮನನ್ನು ಕಂಬದ ಮರೆಗೆ ಎಳೆದಳು. "ಏನಂತ ಕರ್ದೆ ಇವರನ್ನೆಲ್ಲ?"

"ಇನ್ನೇನಂತ ಕರೀತಾರೆ? ಭಾನುವಾರ ಬನಶಂಕರಿ ಛತ್ರದಲ್ಲಿ ನಮ್ ಸೌಮ್ಯಂದು ಐತೆ, ಎಲ್ಲಾರೂ ಬಂದ್ಬುಡಿ ಅಂದೆ."

"ಸೌಮ್ಯಂದು ಏನೈತೆ ಅಂದೆ?"

ನಾರಾಯಣಮ್ಮ ಬಟ್ಟಲಿನ ಅಂಚಿಗೆ ಅಂಟಿದ್ದ ಕುಂಕುಮವನ್ನು ಬೆರಳಿನಿಂದ ಒಳಕ್ಕೆ ಸರಿಸಿದಳು. "ಅದನ್ನ ಹೇಳ್ಲಿಲ್ಲ."

"ಯಾಕಮ್ಮ?"

"ಬಾಯಿಗೆ ಬರ್ಲಿಲ್ಲ ಕಣೆ."

ಮೂವತ್ತು ದಾಟಿದ, ಮದುವೆಯಾಗದ ಹುಡುಗಿಯ ಅಮ್ಮ ಕುಂಕುಮದ ಬಟ್ಟಲು ಹಿಡಿದು ಬಂದು 'ನಮ್ಮ ಹುಡುಗೀದು ಐತೆ' ಎಂದರೆ ಪುಟ್ಟೇನಹಳ್ಳಿಯ ಓಣಿಗಳಲ್ಲಿ ಅದಕ್ಕೆ ಒಂದೇ ಅರ್ಥ. ಯಾರೂ ಮರುಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದರೆ ನಾರಾಯಣಮ್ಮ ಏನು ಹೇಳಬೇಕಿತ್ತು? ಚಿಯರ್‌ಲೀಡರ್ ಎಂದರೆ ಅವಳಿಗೂ ಅಕ್ಕಪಕ್ಕದವರಿಗೂ ಗೊತ್ತಿದ್ದದ್ದು ಟಿವಿಯಲ್ಲಿ ಕ್ರಿಕೆಟ್ ಬಂದಾಗ ಬೌಂಡರಿಯ ಹತ್ತಿರ ತುಂಡು ಬಟ್ಟೆಯಲ್ಲಿ ಕುಣಿಯುವವರು. ಆ ಹುಡುಗಿಯರು ಕಾಣಿಸಿದಾಗಲೆಲ್ಲ ನಾರಾಯಣಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಮಗಳ ಹುಡುಗಿಯರು ಮೈತುಂಬ ಬಟ್ಟೆ ಹಾಕಿಕೊಂಡು ಆಡುವುದನ್ನು ದಿನಾ ನೋಡಿದವಳು, ಆದರೂ ಆ ಪದ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ತಿಮ್ಮರಾಯಪ್ಪನಿಗೆ ಅಂಥ ಸಂಕೋಚವೇನೂ ಇರಲಿಲ್ಲ. ಕುರ್ಚಿ ಬಾಡಿಗೆಗೆ ಕೊಟ್ಟುಕೊಂಡೇ ಕೂದಲು ನರೆತ ಅವನ ನಾಲಿಗೆಯಲ್ಲಿ ಅದು 'ಚೇರ್ ಲೀಡರ್' ಆಗಿತ್ತು. ಅವನ ಮಗಳು ಅಪ್ಪನ ಕುರ್ಚಿ ವ್ಯಾಪಾರ ನೋಡಿಕೊಳ್ಳುತ್ತಾಳೆಂದು ಅರ್ಧ ಊರು ನಂಬಿತ್ತು.

ವಿಷಯ ತಿಳಿದು ತಿಮ್ಮರಾಯಪ್ಪನೂ ಕಂಬದ ಮರೆಗೆ ಬಂದ. ಮೊದಲು ಹೆಂಡತಿಯ ಮುಖ ನೋಡಿದ, ಆಮೇಲೆ ಹಾಲನ್ನು ನೋಡಿದ. ತನ್ನದೇ ಅಂಗಡಿಯ ಕುರ್ಚಿಗಳು, ಒಂದೂ ಖಾಲಿ ಇರಲಿಲ್ಲ.

"ಕೂತಿರೋರನ್ನ ಎಬ್ಬಿಸ್ಬೇಡ ಮಗ. ಆಟ ಶುರು ಮಾಡಿಸ್ಬುಡು. ಮುಗಿಯೋವರ್ಗೂ ಹುಡುಗನ ಕಡೇರು ಟ್ರಾಫಿಕ್ಕಲ್ಲಿದಾರೆ ಅನ್ನಾಣ."

"ಮುಗಿದ್ಮೇಲೆ?"

ತಿಮ್ಮರಾಯಪ್ಪನ ಉಪಾಯ ಅಲ್ಲಿಗೆ ಮುಗಿದಿತ್ತು.

ಸೌಮ್ಯ ಕಂಬದ ಮರೆಯಿಂದ ಜನರ ಕಡೆ ನೋಡಿದಳು. ಹೇಳಿದರೆ ಇವರೆಲ್ಲ ಎದ್ದು ಹೋಗುತ್ತಾರೆ, ಮೌನೇಶನ ಕ್ಯಾಮೆರಾದಲ್ಲಿ ಬರೀ ಕುರ್ಚಿಗಳು ಉಳಿಯುತ್ತವೆ, ಅಲ್ಲಿಗೆ ಎಲ್ಲ ಮುಗಿಯಿತು. ಹೇಳದಿದ್ದರೆ ಇವತ್ತಿಗೆ ಪಾರು. ಆದರೆ ನಾಳೆಯಿಂದ ದಿನಸಿ ಅಂಗಡಿಗೆ ಹೋದರೂ ಆ ಹುಡುಗನ ಬಗ್ಗೆ ಉತ್ತರ ಹೇಳಬೇಕು. ಅಮ್ಮನ ಮೇಲೆ ಕೋಪ ಬಂತು. ತಾನೇ ಒಂದು ಚೀಟಿ ಬರೆದುಕೊಡದೆ ಎಲ್ಲವನ್ನೂ ಅಮ್ಮನ ತಲೆಗೆ ಕಟ್ಟಿದ್ದೆನಲ್ಲ ಎಂದು ತನ್ನ ಮೇಲೂ ಬಂತು. ಅಷ್ಟರಲ್ಲಿ ಯಾರೋ ಅವಳ ಟೀ ಶರ್ಟಿನ ತೋಳು ಎಳೆದರು. ಅಣ್ಣ ದೀಪಕನ ಮಗಳು ಅರ್ಪಿತ. ತಂಡದಲ್ಲಿ ಎಲ್ಲರಿಗಿಂತ ಮೇಲೆ ಹಾರುವವಳು ಅವಳೇ. ಕೆನ್ನೆಗೆ ಬೆಳ್ಳಿಯ ಮಿನುಗು ಹಚ್ಚಿಕೊಂಡು, ಎತ್ತಿ ಕಟ್ಟಿದ ಜುಟ್ಟಿಗೆ ಅಂಗೈಯಗಲದ ರಿಬ್ಬನ್ ಸಿಕ್ಕಿಸಿಕೊಂಡಿದ್ದಳು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ.

"ಅತ್ತೆ, ಇವರೆಲ್ಲ ನಮ್ಮನ್ನ ನೋಡಕ್ಕೆ ಬಂದಿಲ್ವಾ?"

ಸೌಮ್ಯ ಅವಳ ರಿಬ್ಬನ್ ಸರಿ ಮಾಡಿದಳು. "ಇಲ್ಲ ಪುಟ್ಟ. ಇರ್ತೀರಾ ಅಂತ ಕೇಳಿ ನೋಡ್ತೀನಿ."

ಮೈಕು ಹಿಡಿದು ಮ್ಯಾಟಿನ ನಡುವೆ ನಿಂತಾಗ ಜನರ ಸದ್ದು ಮೆಲ್ಲಗೆ ಅಡಗಿತು. ಇವಳಿನ್ನೂ ಸೀರೆ ಉಟ್ಟಿಲ್ಲವಲ್ಲ ಎಂಬ ಗುಸುಗುಸು ಮಾತ್ರ ಹಿಂದಿನ ಸಾಲುಗಳಲ್ಲಿ ಓಡಾಡಿತು.

"ಎಲ್ಲಾರೂ ಬಂದಿದೀರ, ತುಂಬಾ ಸಂತೋಷ," ಎಂದಳು. "ಒಂದು ತಪ್ಪಾಗಿದೆ. ಇವತ್ತು ನನ್ನ ಎಂಗೇಜ್‌ಮೆಂಟ್ ಇಲ್ಲ. ಹುಡುಗ ಯಾರೂ ಇಲ್ಲ. ಅಮ್ಮ ಕರೆದಾಗ ಅದನ್ನ ಬಿಡಿಸಿ ಹೇಳ್ಲಿಲ್ಲ, ಬೇಜಾರು ಮಾಡ್ಕೋಬೇಡಿ. ಇವತ್ತಿರೋದು ನಮ್ಮ ಹುಡ್ಗೀರ ಆಟ. ಚಿಯರ್‌ಲೀಡಿಂಗ್ ಅಂತಾರೆ. ನೀವು ಟಿವಿಲಿ ನೋಡಿರೋದು ಬೇರೆ, ಇದು ಬೇರೆ. ನೋಡೋರಿಲ್ಲ ಅಂತ ಇದನ್ನ ನಿಲ್ಲಿಸ್ತಾರಂತೆ. ಒಂದು ಅರ್ಧ ಗಂಟೆ ಕೂತ್ರೆ ನಮಗೆ ತುಂಬಾ ಉಪಕಾರ ಆಗುತ್ತೆ."

ನಡುವಿನ ಸಾಲಿನಿಂದ ಒಬ್ಬರು, "ಊಟ?" ಎಂದರು.

"ಊಟ ಇಲ್ಲ. ಹೊರಗಡೆ ಟೀ ಬಿಸ್ಕೆಟ್ ಇದೆ."

ಹುಡುಗ ಇಲ್ಲ ಎಂದಾಗ ಅಲುಗಾಡದ ಜನ ಈಗ ಅಲುಗಾಡಿದರು. ಹಿಂದೆ ಒಂದು ಕುರ್ಚಿ ಕಿರುಗುಟ್ಟಿತು. ಆಮೇಲೆ ಇನ್ನೊಂದು. ಒಂದು ಸಾಲಿನವರು ಪೂರ್ತಿ ಎದ್ದು ಸೆರಗು ಸರಿಮಾಡಿಕೊಳ್ಳತೊಡಗಿದರು. ನಾರಾಯಣಮ್ಮ ಬಾಗಿಲಿಗೆ ಬೆನ್ನು ಕೊಟ್ಟು ತಲೆ ತಗ್ಗಿಸಿ ನಿಂತಿದ್ದಳು. ಮಗಳ ಕಡೆ ನೋಡುವ ಧೈರ್ಯ ಅವಳಿಗಿರಲಿಲ್ಲ.

ಆಗ ಮುಂದಿನ ಸಾಲಿನಿಂದ ಅಣ್ಣಮ್ಮನ ದನಿ ಬಂತು. ಆ ದನಿಗೆ ಮೈಕು ಬೇಕಿರಲಿಲ್ಲ.

"ಕೂತ್ಕಳ್ರೋ. ಈ ಮಂಡಿ ಇಟ್ಕಂಡು ಅಷ್ಟು ದೂರದಿಂದ ಬಂದಿದೀನಿ, ಈಗ್ಲೇ ಏಳಕ್ಕಾಗಲ್ಲ ನಂಗೆ. ಹುಡುಗ ಇಲ್ದಿದ್ರೆ ಓಯ್ತು, ಹುಡ್ಗೀರು ಇದಾರಲ್ಲ. ಅದೇನು ಮಾಡ್ತಾರೋ ನೋಡ್ಕಂಡೇ ಹೋಗಾಣ."

ಎದ್ದವರಲ್ಲಿ ಕೆಲವರು ಹೊರಟೇಹೋದರು. ಉಳಿದವರು ಮುಖ ಮುಖ ನೋಡಿಕೊಂಡು ಕೂತರು. ಕುತೂಹಲವೂ ಇತ್ತೆನ್ನಿ, ಆದರೆ ಅಣ್ಣಮ್ಮನಿಗಿಂತ ಮೊದಲು ಎದ್ದು ಹೋಗಿ ಆಮೇಲೆ ಅವಳ ಬಾಯಿಗೆ ಬೀಳುವುದು ಅವರಲ್ಲಿ ಯಾರಿಗೂ ಬೇಕಿರಲಿಲ್ಲ.

ಸೌಮ್ಯಳ ತಂಡವೇ ಮೊದಲು. ಹಾಡು ಶುರುವಾಯಿತು, ಹುಡುಗಿಯರು ಮೂಲೆಗಳಿಂದ ಪಲ್ಟಿ ಹೊಡೆಯುತ್ತ ಬಂದು ನಡುವೆ ಸೇರಿದರು. ಮೂವರು ಅರ್ಪಿತಳನ್ನು ಅಂಗೈಗಳ ಮೇಲೆ ನಿಲ್ಲಿಸಿಕೊಂಡು, ಒಮ್ಮೆಲೇ ಮೇಲಕ್ಕೆ ಎಸೆದರು. ಅವಳು ಗಾಳಿಯಲ್ಲಿ ಒಂದು ಸುತ್ತು ತಿರುಗಿದಳು. ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ಅವಳು ಬಂದು ಆ ಮೂವರ ತೋಳುಗಳಲ್ಲಿ ಬಿದ್ದಾಗ ಯಾರೋ, "ಅಯ್ಯೋ ನಮ್ಮ ಕೂಸೆ," ಎಂದರು. ಅದಾದ ಮೇಲೆ ಯಾರೂ ಫೋನು ನೋಡಲಿಲ್ಲ.

ಇನ್ನು ನೋಡುವವರಿಂದ ಕೂಗಿಸುವ ಭಾಗ ಬಂತು. ಈ ಆಟದಲ್ಲಿ ಅದಕ್ಕೂ ಅಂಕವಿದೆ. ಹುಡುಗಿಯರು "ಯಾವೂರು?" ಎಂದು ಕೂಗಬೇಕು, ಒಂದೊಂದೇ ಅಕ್ಷರ ಬರೆದ ಹಲಗೆಗಳನ್ನು ಮೇಲೆತ್ತಬೇಕು, ಜನ ಉತ್ತರ ಕೊಡಬೇಕು. ಗೋಡೌನಿನಲ್ಲಿ ಅಭ್ಯಾಸ ಮಾಡುವಾಗ ಉತ್ತರ ಕೊಡುತ್ತಿದ್ದದ್ದು ಖಾಲಿ ಕೊಳಗಗಳು ಮಾತ್ರ, ಕೂಗಿದ್ದನ್ನೇ ಸಣ್ಣಗೆ ಗುಂಯ್‌ಗುಡಿಸಿ ಹಿಂದಿರುಗಿಸುತ್ತಿದ್ದವು. ಹೋದಲ್ಲೆಲ್ಲ ಖಾಲಿ ಹಾಲುಗಳನ್ನೇ ಕಂಡಿದ್ದ ಸೌಮ್ಯ ಹುಡುಗಿಯರಿಗೆ ಹೇಳಿಕೊಟ್ಟಿದ್ದಳು: "ಕೂಗಿ, ಸ್ವಲ್ಪ ಕಾಯಿರಿ, ಮುಂದಕ್ಕೆ ಹೋಗಿ. ಉತ್ತರಕ್ಕೆ ಕಾಯ್ತಾ ನಿಂತ್ಕೊಬೇಡಿ." ಆ ಮೌನಕ್ಕೆ ಅವರು ಎಷ್ಟು ಒಗ್ಗಿಹೋಗಿದ್ದರೆಂದರೆ, ಅದೂ ಆಟದ ಒಂದು ಹೆಜ್ಜೆಯೇ ಆಗಿತ್ತು.

"ಯಾವೂರು?" ಎಂದರು ಹುಡುಗಿಯರು. ಪು, ಟ್ಟೇ, ನ, ಹ, ಳ್ಳಿ, ಹಲಗೆಗಳು ಮೇಲೆದ್ದವು. ಹಾಲು ಸುಮ್ಮನಿತ್ತು. ಹುಡುಗಿಯರು ಕಾದರು, ಮುಂದಕ್ಕೆ ಹೋದರು.

"ಯಾವೂರು?" ಎಂದು ಮತ್ತೆ ಕೇಳಿದರು.

ಬಿಳಿ ಅಂಗಿಯ ಮುದುಕರೊಬ್ಬರು, ಬಸ್ಸಿನಲ್ಲಿ ಪಕ್ಕದವನು ವಿಚಾರಿಸಿದರೆ ಹೇಳುವ ಹಾಗೆ, "ಪುಟ್ಟೇನಹಳ್ಳಿ," ಎಂದರು. ಕೇಳುತ್ತಿದ್ದಾರೆ, ಹೇಳಬೇಕಲ್ಲ. ಸುತ್ತಲಿನವರು ನಕ್ಕರು. ನಗು ನಿಂತ ಮೇಲೆ ಅವರ ಮುಖಗಳಲ್ಲಿ ಬೇರೇನೋ ಸುಳಿಯಿತು. ಊರು ಬೆಂಗಳೂರಿಗೆ ಸೇರಿಹೋಗಿ, ಅವರ ಮನೆಗಳ ವಿಳಾಸದಲ್ಲಿ ಈಗ ಇರುವುದು ಜೆ.ಪಿ. ನಗರ ಬಡಾವಣೆಯ ಯಾವುದೋ ಒಂದು ಹಂತ. ಕೊರಿಯರಿನವನಿಗೂ ಹಾಗೇ ಹೇಳುತ್ತಾರೆ, ಮಕ್ಕಳ ಶಾಲೆಯಲ್ಲೂ ಹಾಗೇ ಬರೆಸುತ್ತಾರೆ. ಯಾವೂರು ಎಂದು ಅವರನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು.

"ಯಾವೂರು?"

ಈ ಸಲ ಇಡೀ ಹಾಲು ಹೇಳಿತು. ಅಣ್ಣಮ್ಮ ಮಂಡಿ ಮರೆತು ಎದ್ದು ನಿಂತು ಹೇಳಿದಳು. ಬಾಗಿಲಲ್ಲಿ ಟೀ ಬಿಸ್ಕೆಟ್ ಕೊಡುತ್ತಿದ್ದವರು, ಊಟ ಇಲ್ಲವೆಂದು ಹೊರಟು ಟೀ ಕುಡಿಯುತ್ತ ನಿಂತಿದ್ದವರು, ಎಲ್ಲರೂ ಒಟ್ಟಾಗಿ ಕೂಗಿದ ಸದ್ದಿಗೆ ಹಾಡು ಕೇಳಿಸದಾಯಿತು.

ಮೌನಕ್ಕೆ ತಯಾರಾಗಿದ್ದ ಹುಡುಗಿಯರಿಗೆ ಈ ಸದ್ದನ್ನು ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಲೆಕ್ಕ ತಪ್ಪಿತು. ಎಲ್ಲರ ಮೇಲೆ ಒಂಟಿ ಕಾಲಿನಲ್ಲಿ ನಿಂತಿದ್ದ ಅರ್ಪಿತ ನಕ್ಕುಬಿಟ್ಟಳು. ನಕ್ಕದ್ದಕ್ಕೆ ಕಾಲು ನಡುಗಿತು, ಕೆಳಗಿದ್ದವಳ ಮೊಣಕೈ ಬಾಗಿತು. ಸೌಮ್ಯ ಮ್ಯಾಟಿನ ಅಂಚಿಗೆ ಓಡಿದಳು. ಅರ್ಪಿತ ಪಕ್ಕಕ್ಕೆ ವಾಲಿ ಜಾರಿದಳು, ಹಿಂದೆ ನಿಂತಿದ್ದವಳು ಅವಳ ಸೊಂಟಕ್ಕೆ ಕೈ ಹಾಕಿದಳು, ಉಳಿದಿಬ್ಬರು ತೋಳು ಚಾಚಿದರು. ನೆಲ ಮುಟ್ಟುವ ಮೊದಲೇ ಹಿಡಿದರು. ಹಿಡಿದವರೂ ಸಿಕ್ಕವಳೂ ಒಬ್ಬರನ್ನೊಬ್ಬರು ನೋಡಿಕೊಂಡು ಇನ್ನಷ್ಟು ನಕ್ಕರು. ಆಮೇಲೆ ಹಾಡನ್ನು ಹುಡುಕಿಕೊಂಡು ಉಳಿದದ್ದನ್ನು ಮುಗಿಸಿದರು.

ಮುಗಿದಾಗ ಹೆಂಗಸರು ಕೂತಲ್ಲಿಂದಲೇ ಕೈ ಚಾಚಿ ಹುಡುಗಿಯರಿಗೆ ದೃಷ್ಟಿ ತೆಗೆದು, ನೆಟಿಗೆ ಮುರಿದರು. ಸೌಮ್ಯ ಮ್ಯಾಟಿನ ಅಂಚಿನಲ್ಲಿ ಕುಸಿದು ಕೂತಳು. ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತೆ ಹಗುರವಾಯಿತು.

ಅರ್ಧ ಗಂಟೆ ಕೇಳಿದ್ದಳು, ಜನ ಮಧ್ಯಾಹ್ನದವರೆಗೂ ಕೂತರು. ಕೂಗುವುದು ಹೇಗೆಂದು ಗೊತ್ತಾದ ಮೇಲೆ ಅವರನ್ನು ತಡೆಯುವವರಿರಲಿಲ್ಲ. ಮೈಸೂರಿನ ತಂಡ ಬಂದಾಗ ಮೈಸೂರು ಎಂದರು, ತುಮಕೂರಿನದು ಬಂದಾಗ ತುಮಕೂರು ಎಂದರು. ಮೈಸೂರಿನವರೇ ಗೆದ್ದರು. ಜಾರಿದ್ದಕ್ಕೆ ಅಂಕ ಕಳೆದುಕೊಂಡ ಪುಟ್ಟೇನಹಳ್ಳಿಗೆ ಮೂರನೆಯ ಸ್ಥಾನ ಸಿಕ್ಕಿತು. ಅಣ್ಣಮ್ಮ ತೀರ್ಪುಗಾರರ ಮೇಜಿನವರೆಗೂ ಹೋಗಿ, "ನಗಾಡಿದ್ದಕ್ಕೆಲ್ಲ ಮಾರ್ಕ್ಸ್ ಕಳೀತಾರೇನ್ರಪ್ಪ?" ಎಂದು ಕೇಳಿ ಬಂದಳು.

ಮೌನೇಶ ಫೋನನ್ನು ಜೇಬಿಗಿಟ್ಟುಕೊಳ್ಳುತ್ತ ಬಂದ. "ಅಧ್ಯಕ್ಷರು ಲೈವ್ ನೋಡ್ಯಾರ್ರಿ ಮೇಡಂ. ಆಲ್ ಸ್ಟಾರ್ ಇರ್ತದ. ಮುಂದಿನ ವರ್ಷನೂ ಇಲ್ಲೇ ಮಾಡೂಣು ಅಂದ್ರು." ಹೋಗುತ್ತ ತಿರುಗಿ ನಿಂತ. "ಕರಿಯೂದು ಮಾತ್ರ ಇದೇ ಮಂದೀನ ಕರೀರಿ, ಬ್ಯಾರೇರು ಬ್ಯಾಡ."

ಸೌಮ್ಯ ತಲೆಯಾಡಿಸಿದಳು. ಅಪ್ಪ ಆಗಲೇ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ. ಅವಳೂ ಹೋಗಿ ಕೈ ಹಾಕಿದಳು. ಇಬ್ಬರೂ ಕುರ್ಚಿಗಳ ಒಂದು ಅಟ್ಟಿಯನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದರು.

ಬಾಗಿಲಲ್ಲಿ ನಾರಾಯಣಮ್ಮ ಹೊರಡುವ ಹೆಂಗಸರಿಗೆ ಅರಿಶಿನ ಕುಂಕುಮ ಕೊಡುತ್ತಿದ್ದಳು. ಕರೆದದ್ದು ಅವಳು, ಕಳಿಸುವುದೂ ಅವಳ ಕೆಲಸವೇ. ಎದುರು ಮನೆಯಾಕೆ ಹಣೆ ಮುಂದೆ ಮಾಡಿದವಳು ಹಾಗೇ ನಿಂತಳು.

"ಚೆನ್ನಾಗಿತ್ತು ಕಣಕ್ಕ. ಏನಂತಾರೆ ಇದನ್ನ?"

ನಾರಾಯಣಮ್ಮನ ಬೆರಳು ಬಟ್ಟಲಿನಲ್ಲೇ ನಿಂತಿತು. ಅವಳ ಹಿಂದೆ ಸೌಮ್ಯ ನಿಂತಳು, ಅಟ್ಟಿಯ ಇನ್ನೊಂದು ತುದಿ ಹಿಡಿದಿದ್ದ ತಿಮ್ಮರಾಯಪ್ಪನೂ ನಿಂತ.

"ಚಿಯರ್ ಲೀಡಿಂಗು," ಎಂದಳು ನಾರಾಯಣಮ್ಮ, ಹಿಂದಿದ್ದವರಿಗೂ ಕೇಳಿಸುವ ಹಾಗೆ. "ನಮ್ ಸೌಮ್ಯಂದು."

ಎದುರು ಮನೆಯಾಕೆಯ ಹಣೆಗೆ ಕುಂಕುಮ ಇಟ್ಟಳು. ಅವಳ ಹಿಂದೆ ನಿಂತಿದ್ದವಳು ಸೆರಗು ಸರಿಮಾಡಿಕೊಂಡು ಹಣೆ ಬಾಗಿಸಿದಳು.